ಬಿಲ್ವವಲ್ಲದ ಬಿಲ್ವ

ವತ್ಸಲಾಗೆ ಮೂಗಿನ ತುದಿಯಲ್ಲೇ ಕೋಪ ಅನ್ನುವುದು ಸುಳ್ಳು, ಅವಳ ಕೋಪ ಇದ್ದದ್ದು ಕೈಯಲ್ಲಿ. ಮೈಸೂರಿನಿಂದ ಅಮೆರಿಕಕ್ಕೆ ಬಂದಿದ್ದ ಈ ಹೆಂಗಸು 2008ರಲ್ಲಿ ಔಷಧದ ಲ್ಯಾಬಿನಿಂದ ಲೇಆಫ್ ಆದ ದಿನ ತನ್ನದೇ ಕಾರಿನ ಕನ್ನಡಿಗೆ ಗುದ್ದಿ ಒಡೆದಳು. ಅದೇ ಬ್ಯಾಂಡೇಜಿನ ಕೈಯಲ್ಲಿ ಅಲ್ಲಿನ ಲೈಲ್ ಊರಿನ ಹತ್ತಿರದ ವೃಕ್ಷೋದ್ಯಾನದಲ್ಲಿ ಕೂಲಿಗೆ ಸೇರಿದಳು.

ಅಲ್ಲಿನ ಗಾಜಿನಮನೆಯಲ್ಲಿ ಕೆರಿಬಿಯನ್ ದ್ವೀಪಗಳ ಅಪರೂಪದ ಮರಗಳಿದ್ದವು. ಒಂದು ಜಾತಿಯಂತೂ ತನ್ನ ದ್ವೀಪದಲ್ಲೇ ಬಿರುಗಾಳಿಗೆ ನಿರ್ನಾಮವಾಗಿ, ಲೋಕದಲ್ಲೆಲ್ಲ ಇಲ್ಲಿನ ಎರಡೇ ಗಿಡ ಉಳಿದಿದ್ದವು. ರಿಸೆಷನ್ನಿಗೆ ಆರು ಜನರ ಕೆಲಸ ಒಬ್ಬಳ ತಲೆಗೆ ಬಿತ್ತು, ಖರ್ಚು ಉಳಿಸಲು ಹೀಟರ್ ಐವತ್ತು ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ ನಮ್ಮ ಲೆಕ್ಕದ ಹತ್ತು ಡಿಗ್ರಿಗೆ ಇಳಿಯಿತು. ಜನವರಿಯಲ್ಲಿ ಆ ಎರಡರಲ್ಲಿ ಒಂದು ಸತ್ತಿತು. ಇನ್ನೊಂದನ್ನು ತನ್ನ ಕಂಬಳಿ ಹೊದಿಸಿ ಉಳಿಸಿಕೊಂಡಳು. ಅದರ ಲ್ಯಾಟಿನ್ ಹೆಸರಿಗೆ ನಾಲಿಗೆ ಹೊರಳದು. ಮೂರು ದಳದ ಎಲೆ ನೋಡಿ ಮುದ್ದಿಗೆ ‘ಬಿಲ್ವ’ ಎಂದು ಕನ್ನಡದಲ್ಲಿ ಚೀಟಿ ಬರೆದು ಕಟ್ಟಿದಳು. ಅಷ್ಟಕ್ಕೇ ನಿಂತಿದ್ದರೆ! ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗೆ, ಪಕ್ಕದ ಊರಾದ ಲೆಮಾಂಟ್‌ನ ಹಿಂದೂ ದೇವಸ್ಥಾನದಲ್ಲಿ, “ನಮ್ಮಲ್ಲೂ ಬಿಲ್ವ ಇದೆ” ಎಂದು ಜಂಬ ಕೊಚ್ಚಿಕೊಂಡಳು.

ಆ ಶಿವರಾತ್ರಿಗೆ ದೇವಸ್ಥಾನಕ್ಕೆ ಪತ್ರೆಯ ಪಾರ್ಸೆಲ್ ಬರಲಿಲ್ಲ. ಹೂ ಕಟ್ಟುವ ಸೇವೆಯ ಪದ್ಮನಾಭ ಅಂಕಲ್, ಎಪ್ಪತ್ತರ ಮುದುಕ, ಚೀಲ ಹಿಡಿದು ಡ್ರೈವ್ ಮಾಡಿಕೊಂಡು ಗಾಜಿನಮನೆಗೆ ಬಂದ. ವತ್ಸಲಾ ಗಿಡಕ್ಕೆ ಶಾಖ ಕೊಡುವ ಒಲೆಗೆ ಸೀಮೆಎಣ್ಣೆ ಡಬ್ಬ ತರಲು ಹೋಗಿದ್ದಳು. ತುದಿಯ ಎಳೆಪತ್ರೆಗೆಂದು ಅವನು ಕಾಂಡ ಬಗ್ಗಿಸಿದ. ಅದು ಬುಡದಲ್ಲೇ ಲಟಕ್ಕನೆ ಮುರಿಯಿತು.

ಬಾಗಿಲಲ್ಲಿ ಅವಳಿಗೆ ಆ ಶಬ್ದ ಕೇಳಿಸಿತು.

“ಕೊಂದ್ಯಲ್ಲೋ ಪಾಪಿ!”

ಅವಳು ಸನಿಕೆಯ ಹಿಡಿಯಿಂದ ಬೀಸಿದ ಮೊದಲ ಏಟಿಗೆ ಕನ್ನಡಕ ಚೂರಾಗಿ ಹುಬ್ಬು ಸೀಳಿತು. ಎರಡನೆಯದಕ್ಕೆ ಮುಂಗೈ ಮೂಳೆ ಮುರಿಯಿತು. ಮುದುಕ ಕುಂಡಗಳ ಮೇಲೆ ಬಿದ್ದ. ಬಿಳಿ ಪಂಚೆಯೆಲ್ಲ ರಕ್ತ. ಮೂರನೆಯದಕ್ಕೆ ಕೈ ಎತ್ತಿದಾಗ ಅವನು ಗಿಡಕ್ಕೆ ಕಟ್ಟಿದ್ದ ಚೀಟಿಯನ್ನು ಮುಂದೆ ಹಿಡಿದ.

“ನೀನೇ ಬರ್ದಿದೀಯಲ್ಲಮ್ಮಾ... ಬಿಲ್ವ ಅಂತ.”

ಅವಳ ಕೈ ಹಾಗೇ ನಿಂತಿತು. ತನ್ನದೇ ದುಂಡಕ್ಷರ.

ಆಸ್ಪತ್ರೆಗೆ ಬಂದ ಪೊಲೀಸರಿಗೆ ಅಂಕಲ್, “ಜಾರಿ ಬಿದ್ದೆ” ಅಂದ. ಮುರಿದ ಕಾಂಡದಿಂದ ಅವಳು ಒಂಬತ್ತು ತುಂಡು ನೆಟ್ಟಳು. ಯುಗಾದಿಯ ಹೊತ್ತಿಗೆ ಒಂಬತ್ತೂ ಕೊಳೆತವು. ಕುಂಡಗಳನ್ನು ಒಂದೊಂದಾಗಿ ಗೋಡೆಗೆ ಅಪ್ಪಳಿಸಿ ಒಡೆದಳು.

ಈಗಲೂ ಲೆಮಾಂಟ್‌ನಲ್ಲಿ ಯಾರಾದರೂ ಅವನ ಹುಬ್ಬಿನ ಗಾಯದ ಗುರುತು ಕೇಳಿದರೆ ಅವನ ಉತ್ತರ ಅದೇ, ಜಾರಿ ಬಿದ್ದೆ. ಪಕ್ಕದಲ್ಲಿ ಹೂ ಕಟ್ಟುವ ವತ್ಸಲಾ ತಲೆ ಎತ್ತದೆಯೇ ಅನ್ನುತ್ತಾಳೆ,

“ಸುಳ್ಳು. ನಾನು ಹೊಡ್ದೆ. ಏಟು ಬೀಳ್ಬೇಕಾಗಿದ್ದು ಚೀಟಿ ಬರ್ದ ಕೈಗೆ.”