ಉಪ್ಪಿನ ಪಟ್ಟಣದ ಬಾಲ್ಕನಿ

ಮಲಾಡಿನ ನಮ್ಮ ಫ್ಲ್ಯಾಟಿನಲ್ಲಿ ಭಾನುವಾರ ಮಧ್ಯಾಹ್ನ ಊಟದ ಮೇಜು ನನ್ನದಲ್ಲ. ಒರೆಸಿದ ನೀರು ಆರುವ ಮೊದಲೇ ಮೊಮ್ಮಗಳು ಅದರ ಮೇಲೊಂದು ರಟ್ಟಿನ ಪರದೆ ನಿಲ್ಲಿಸಿ ಅದರ ಹಿಂದೆ ಕೂತುಬಿಡುತ್ತಾಳೆ. ಎದುರಿಗೆ ಅವಳ ಫ್ರೆಂಡ್ಸ್. ನಡುವೆ ಬಣ್ಣಬಣ್ಣದ ದಾಳಗಳು. ನಾಲ್ಕು ಮುಖದ್ದು, ಎಂಟು ಮುಖದ್ದು, ಇಪ್ಪತ್ತು ಮುಖದ್ದು. ಪಗಡೆಯಾಡಿ ಬೆಳೆದ ನನಗೆ ಆ ಇಪ್ಪತ್ತು ಮುಖದ ದಾಳ ಮೊದಲ ಸಲ ಯಾವುದೋ ಹಣ್ಣಿನ ಬೀಜದಂತೆ ಕಂಡಿತ್ತು.

ಆಟವೆಂದರೆ ಇಷ್ಟೆ. ಮೊಮ್ಮಗಳು ಒಂದು ಲೋಕವನ್ನು ಬಾಯಲ್ಲೇ ಕಟ್ಟುತ್ತಾಳೆ. ಉಳಿದವರು ಅದರೊಳಗೆ ಒಬ್ಬ ಕಳ್ಳ, ಒಬ್ಬಳು ಕೊಡಲಿ ಹಿಡಿದ ವೀರೆ, ಹೀಗೆ ಪಾತ್ರಗಳಾಗಿ ತಿರುಗುತ್ತಾರೆ. 'ನಾನು ಬಾಗಿಲು ತಳ್ಳುತ್ತೇನೆ' ಎಂದು ಒಬ್ಬರು ಹೇಳಿದರೆ, ಬಾಗಿಲು ತೆರೆಯಿತೋ ಇಲ್ಲವೋ ದಾಳ ಹೇಳುತ್ತದೆ. ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ. ಸ್ಟ್ರಿಕ್ಟ್ ಆದ ರೂಲ್ ಒಂದೇ: ಮೇಜಿನ ಸುತ್ತ ಒಬ್ಬರು ಆಡಿದ ಮಾತನ್ನು ಮತ್ತೊಬ್ಬರು ಅಲ್ಲವೆನ್ನದಿದ್ದರೆ, ಆ ಲೋಕದಲ್ಲಿ ಅದು ನಿಜ. ಆಮೇಲೆ ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ.

ಅವಳ ಮೊದಲಿನ ಲೋಕಗಳಲ್ಲಿ ಬರೀ ಹಿಮ, ಕೋಟೆ, ಪೈನ್ ಮರ.

"ಅಷ್ಟೊಂದು ಹಿಮ ಯಾಕೇ? ನೀನು ಹಿಮ ನೋಡಿರೋದು ಫ್ರೀಜರ್ ಡಿಫ್ರಾಸ್ಟ್ ಮಾಡುವಾಗ ಮಾತ್ರ," ಎಂದೆ ಒಂದು ದಿನ.

"ಫ್ಯಾಂಟಸಿ ಅಂದ್ರೆ ಹಾಗೇ ಇರತ್ತೆ, ಯಾರ್."

"ಯಾರ್ ಅಂತ ನಿನ್ನ ಫ್ರೆಂಡ್ಸ್‌ಗೆ ಅನ್ನು."

"ಸಾರಿ, ಸಾರಿ. ಸರಿ ಹಾಗಾದ್ರೆ, ನೀನೇ ಒಂದು ಟೌನ್ ಕೊಡಜ್ಜಿ. ಸೀರಿಯಸ್ಲಿ. ನನ್ ಐಡಿಯಾ ಎಲ್ಲಾ ಖತಮ್."

ನನ್ನ ಹತ್ತಿರ ಕೊಡಲಿಕ್ಕೆ ಇದ್ದ ಊರು ಒಂದೇ. ಅಪ್ಪ ಹೋದ ಮೇಲೆ ಅಮ್ಮ, ನಾನು, ನನ್ನ ತಂಗಿ, ಮೂವರೇ ಬಾಡಿಗೆಗಿದ್ದ ಆಂಟಾಪ್ ಹಿಲ್ಲಿನ ಕಾಲೊನಿ. ನಾನೇ ಮ್ಯಾಪ್ ಬರೆದೆ. ಕಾನ್ವೆಂಟಿನಲ್ಲಿ ಜಿಯಾಗ್ರಫಿ ಹೇಳಿಕೊಡುತ್ತಿದ್ದ ಐರಿಶ್ ಸನ್ಯಾಸಿನಿ ಒಬ್ಬರು ಸಮುದ್ರಕ್ಕೆ ಬಣ್ಣ ತುಂಬುವ ಕ್ರಮ ಕಲಿಸಿದ್ದರು. ನೀಲಿ ಪೆನ್ಸಿಲನ್ನು ಅಡ್ಡ ಮಲಗಿಸಿ, ದಡದ ಹತ್ತಿರ ಗಾಢವಾಗಿ, ದೂರ ಹೋದಷ್ಟೂ ತೆಳುವಾಗಿ. ಕೈ ಅದನ್ನು ಮರೆತಿರಲಿಲ್ಲ. ಗುಡ್ಡ ಬರೆದೆ, ಬಿಲ್ಡಿಂಗುಗಳ ಸಾಲು ಬರೆದೆ, ನೀರಿನ ಟ್ಯಾಂಕಿ ಬರೆದೆ. ಆಚೆಗೆ ಉಪ್ಪಿನ ಗದ್ದೆಗಳು, ಬೆಳ್ಳಗೆ ರಾಶಿ ಬಿದ್ದ ಉಪ್ಪು. "ತಗೋ, ನಿನ್ನ ಹಿಮ," ಎಂದೆ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಊರಿಗೆ ಉಪ್ಪಿನ ಪಟ್ಟಣ ಎಂದೇ ಹೆಸರಿಟ್ಟಳು. ಹಾರ್ಬರ್ ಲೈನಿನ ಲೋಕಲ್ ಟ್ರೈನ್ ಅವಳ ಕೈಯಲ್ಲಿ ಉಪ್ಪಿನ ಮೇಲೆ ಜಾರುವ ಉದ್ದನೆಯ ದೋಣಿಯಾಯಿತು.

"ಈಗ ಕಸ್ಟಮ್ಸ್ ಬೇಕು," ಎಂದಳು. "ಆ ಊರಿನ ಜನ ಏನು ಮಾಡಲ್ಲ? ಮಾಡೋದಲ್ಲ, ಮಾಡದೆ ಇರೋದು ಹೇಳು."

"ದೀಪ ಹಚ್ಚಿದ ಮೇಲೆ ಉಪ್ಪು ಯಾರಿಗೂ ಕೊಡಲ್ಲ."

"ಉಪ್ಪಿನ ಊರಲ್ಲಿ? ಸೂಪರ್. ಇನ್ನೊಂದು."

"ಹೊಸಿಲು ದಾಟಿ ಹೊರಟವರನ್ನ ಹಿಂದಿನಿಂದ ಕೂಗಲ್ಲ."

"ಕೂಗಿದ್ರೆ?"

"ಹೋದ ಕೆಲಸ ಕೆಡತ್ತೆ ಅಂತಾರೆ."

"ಅಂತಾರೆ ಬಿಡು. ಕೂಗಿದ್ರೆ ನಿಜವಾಗ್ಲೂ ಏನಾಗತ್ತೆ?"

ಅವಳು ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು. ಈ ಮನೆಯಲ್ಲಿ ನಾನು ಯಾರಿಗೂ ಹೇಳದಿದ್ದುದನ್ನು ಹೇಳಿದ್ದು ಆಗ.

ತಂಗಿ ಫೋರ್ಟ್ ಕಡೆಯ ಒಂದು ಆಫೀಸಿನಲ್ಲಿ ಟೈಪಿಸ್ಟ್. ಆ ದಿನ ಹೊರಡುವ ಗಡಿಬಿಡಿಯಲ್ಲಿ ಊಟದ ಡಬ್ಬಿ ಒಲೆಕಟ್ಟೆಯ ಮೇಲೆಯೇ ಉಳಿಯಿತು. ಅಕ್ಕಿ ತೊಳೆಯುತ್ತಿದ್ದ ಅಮ್ಮ ಅದನ್ನು ಎತ್ತಿಕೊಂಡು ಬಾಲ್ಕನಿಗೆ ಓಡಿದಳು. ನಾನು ಅವಳ ಹಿಂದೆ. ಕೆಳಗೆ ತಂಗಿ ನೀರಿನ ಟ್ಯಾಂಕಿ ದಾಟುತ್ತಿದ್ದಳು. ಉದ್ದ ಜಡೆ, ತುದಿಗೆ ಕಪ್ಪು ಕುಚ್ಚು. ನಾನು ಬಾಯಿ ತೆರೆದೆ. ಅಮ್ಮ ತನ್ನ ಒದ್ದೆ ಕೈಯಿಂದ ನನ್ನ ಬಾಯಿ ಮುಚ್ಚಿದಳು. "ಹಿಂದಿನಿಂದ ಕೂಗಬೇಡ. ಕ್ಯಾಂಟೀನಲ್ಲಿ ಏನಾದರೂ ತಿಂತಾಳೆ ಬಿಡು." ಜಡೆ ಮೂಲೆ ತಿರುಗಿತು. ಆ ಬೆಳಿಗ್ಗೆ ಲೋಕಲ್ ಗಾಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ಬಾಗಿಲಲ್ಲಿ ನಿಂತಿದ್ದವಳು ಮುಂದಿನ ಸ್ಟೇಷನ್ ಬರುವ ಮೊದಲೇ ಬಿದ್ದಳು.

ಕೂಗಿದ್ದರೆ ಮೇಲೆ ಹತ್ತಿ ಬರುತ್ತಿದ್ದಳು, ಆ ಗಾಡಿ ತಪ್ಪುತ್ತಿತ್ತು. ಅಮ್ಮ ಇದನ್ನು ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ನಾವು ಆ ಮನೆ ಬಿಡುವವರೆಗೂ ದಿನಾ ಬೆಳಿಗ್ಗೆ ಅದೇ ಡಬ್ಬಿ ಹಿಡಿದು ಬಾಲ್ಕನಿಯಲ್ಲಿ ನಿಲ್ಲುತ್ತಿದ್ದಳು. ಅದರೊಳಗೆ ಅನ್ನವಿರುತ್ತಿತ್ತೋ, ಖಾಲಿಯೋ, ಕೈಗೆ ತೆಗೆದುಕೊಂಡು ನೋಡುವ ಧೈರ್ಯ ನನಗೆ ಬರಲಿಲ್ಲ. ಅಮ್ಮ ತೀರಿಕೊಂಡದ್ದು ಬೇರೆ ಮನೆಯಲ್ಲಿ, ಸ್ವಂತ ಹಾಸಿಗೆಯಲ್ಲಿ. ಆದರೂ ಬಸ್ಸು ಆ ಕಡೆ ಹೋದರೆ ನಾನು ಇಂದಿಗೂ ತಲೆಯೆತ್ತಿ ನೋಡುವುದಿಲ್ಲ, ನಾವಿದ್ದ ಬಿಲ್ಡಿಂಗೇ ಈಗ ಇಲ್ಲವೆಂದು ಗೊತ್ತಿದ್ದರೂ.

ಮೊಮ್ಮಗಳು ಮ್ಯಾಪಿನ ಬಿಲ್ಡಿಂಗುಗಳ ಸಾಲಿನ ಮೇಲೆ ಪೆನ್ಸಿಲ್ ಇಟ್ಟಳು. "ಇದನ್ನ ಹಾಕಲಾ ಅಜ್ಜಿ?"

"ಹಾಕು. ಆದರೆ ನಿನ್ನ ಫ್ರೆಂಡ್ಸ್‌ನಲ್ಲಿ ಯಾರಾದರೂ ನನ್ನ ತಂಗೀನ ಕೂಗಬೇಕು."

"ಅದು ಹೇಳಿಕೊಡೋ ಹಾಗಿಲ್ಲ. ಅವರೇ ಕಂಡುಹಿಡೀಬೇಕು. ನಿನ್ನಮ್ಮ ಬಾಲ್ಕನೀಲಿ ಘೋಸ್ಟ್ ಆಗಿ ಕಂಡ್ರೆ ದೇ ಮೈಟ್ ಜಸ್ಟ್ ಅಟ್ಯಾಕ್ ಹರ್. ನಾನು ತಡೆಯೋಕಾಗಲ್ಲ."

ಆ ವಾರವೆಲ್ಲ ನನಗೆ ಅದೇ ಯೋಚನೆ. ಅಮ್ಮನನ್ನು ಯಾರ ಕೈಗೆ ಕೊಟ್ಟುಬಿಟ್ಟೆ.

ಭಾನುವಾರ ಬಂದಿತು. ನಾನು ಅಡುಗೆಮನೆಯಲ್ಲಿ ಬಾಳೆಕಾಯಿ ಬಜ್ಜಿ ಕರಿಯುತ್ತಿದ್ದೆ, ಕಿವಿ ಮಾತ್ರ ಮೇಜಿನ ಹತ್ತಿರ. ಮೊಮ್ಮಗಳು ಊರಿನ ರೂಲ್ಸ್ ಎರಡನ್ನೂ ಹೇಳಿದಳು. ಬೆಳಗಿನ ಜಾವದ ಮಂಜು, ತೆರೆದ ಮೆಟ್ಟಿಲುಗಳು, ಮೇಲಿನ ಬಾಲ್ಕನಿಯಲ್ಲಿ ನೆರಳು ಬೀಳದ ಒಬ್ಬ ಹೆಂಗಸು.

"ಭೂತ್ ಹೈ ಕ್ಯಾ? ಕುಲ್ಹಾಡಿ ನಿಕಾಲ್ತೀ ಹೂಂ," ಎಂದು ಕೊಡಲಿ ತೆಗೆಯಲು ಹೊರಟಳು, ವೀರೆಯಾದ ಮರಾಠಿ ಹುಡುಗಿ. ಲಾ ಓದುತ್ತಾಳೆ, ಯಾವುದಕ್ಕೂ ಕಾಯುವವಳಲ್ಲ.

ನಾನು ಗ್ಯಾಸ್ ಆರಿಸಿದೆ.

"ಏ, ನಿಲ್ಲು," ಎಂದ ಕಳ್ಳನಾಗಿದ್ದವನು. ಬೊರಿವಲಿಯಲ್ಲಿ ಅವನ ತಂದೆಯ ಉಡುಪಿ ಹೋಟೆಲ್. ಗಲ್ಲಾದಲ್ಲಿ ಕೂರುವುದು ಇವನೇ. ಮನೆಮಾತು ತುಳು, ಕನ್ನಡ ನಮ್ಮ ಮನೆಯಲ್ಲಿ ಮಾತ್ರ ತಡವರಿಸಿ ಆಡುತ್ತಾನೆ. "ಅವರ ಕೈಯಲ್ಲಿ ಎಂತ ಉಂಟು?"

"ಒಂದು ಡಬ್ಬಿ," ಎಂದಳು ಮೊಮ್ಮಗಳು.

"ಮುಟ್ಟಿ ನೋಡ್ತೇನೆ. ಬಿಸಿ ಉಂಟಾ?"

ಮೊಮ್ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನತ್ತ ತಿರುಗಿದಳು. ಇಷ್ಟು ವರ್ಷ ನಾನು ಮುಟ್ಟದೆ ಬಿಟ್ಟಿದ್ದನ್ನು ಹೋಟೆಲಿನವರ ಮಗ ಒಂದು ಕ್ಷಣದಲ್ಲಿ ಮುಟ್ಟಿದ್ದ.

"ಬಿಸಿ ಇದೆ," ಎಂದೆ. ಯಾರೂ ಅಲ್ಲವೆನ್ನಲಿಲ್ಲ.

"ಬಿಸಿ ಉಂಟಾದ್ರೆ ಯಾರೋ ಈಗಷ್ಟೇ ಬಿಟ್ಟು ಹೋದದ್ದು. ಕೆಳಗೆ ನೋಡ್ತೇನೆ."

ಕೆಳಗೆ ಒಬ್ಬಳು ಹುಡುಗಿ ದೋಣಿಯ ಕಡೆ ಹೋಗುತ್ತಿದ್ದಾಳೆ, ಬೆನ್ನಷ್ಟೇ ಕಾಣುತ್ತಿದೆ ಎಂದಳು ಮೊಮ್ಮಗಳು.

"ಕೂಗ್ತೇನೆ."

"ಪಾಗಲ್ ಹೈ ಕ್ಯಾ? ಹಿಂದಿನಿಂದ ಕೂಗಬಾರದು ಅನ್ನೋದೇ ಇಲ್ಲಿನ ರೂಲ್," ಎಂಬ ಅರ್ಥದಲ್ಲಿ ಮರಾಠಿ ಹುಡುಗಿ ಅವನನ್ನು ಬೈದಳು.

"ಪಾರ್ಸೆಲ್ ಮರೆತು ಹೋದವರ ಹಿಂದೆ ನಾವು ರಸ್ತೆಗೆ ಓಡ್ತೇವೆ ಮಾರಾಯ್ತಿ. ಬಿಡ್ಲಿಕ್ಕಾಗ್ತದಾ?" ಎಂದು ದಾಳ ಎಸೆದೇಬಿಟ್ಟ.

ಅದು ಮೇಜಿನ ಅಂಚಿನವರೆಗೂ ಉರುಳಿ ನಿಂತಿತು. ಮೊಮ್ಮಗಳು ಬಗ್ಗಿ ನೋಡಿದಳು. "ಅವಳಿಗೆ ಕೇಳಿಸ್ತು. ತಿರುಗ್ತಿದ್ದಾಳೆ. ಅಜ್ಜಿ, ಈ ಪಾತ್ರ ನಿಂದು. ನೀನೇ ಮಾತಾಡು."

ತಂಗಿಯ ಮುಖ ನನಗೆ ಬರಲಿಲ್ಲ. ಗೋಡೆಯ ಮೇಲಿನ ಸ್ಟುಡಿಯೋ ಫೋಟೋ ಬಂತು, ಅದು ಮುಖವಲ್ಲ. ಅವಳನ್ನು ನೆನೆದಾಗಲೆಲ್ಲ ನಾನು ಕಂಡದ್ದು ಜಡೆಯನ್ನೇ. ಆದರೆ ಬಾಯಿ ತೆರೆದರೆ ಧ್ವನಿ ಬಂತು, ಸಿಡಿಮಿಡಿಯ, ಚೂಪಾದ ಧ್ವನಿ. ಅದು ನನ್ನದಲ್ಲ.

"ಏನು? ಬೇಗ ಹೇಳಿ, ನನ್ ಟ್ರೈನ್ ತಪ್ಪತ್ತೆ."

ದೋಣಿ ಎನ್ನಬೇಕಿತ್ತು. ಯಾರೂ ತಿದ್ದಲಿಲ್ಲ.

"ಡಬ್ಬಿ ಮರ್ತಿದ್ದೀರಿ," ಎಂದ ಅವನು, ಮೆಲ್ಲಗೆ.

"ಅಯ್ಯೋ, ಅಮ್ಮ ಬೈತಾಳೆ. ತಡೀರಿ, ಬಂದೆ."

ಅವಳು ಮೆಟ್ಟಿಲು ಹತ್ತುತ್ತಿರುವಾಗ ದೂರದಲ್ಲಿ ದೋಣಿ ಹೊರಟಿತು ಎಂದಳು ಮೊಮ್ಮಗಳು. ಅದು ಉಪ್ಪಿನ ಮೇಲೆ ಬಿಟ್ಟ ಗೆರೆಯನ್ನೂ ಹೇಳಿದಳು. ನಾನು ಕುರ್ಚಿ ಎಳೆದು ಕೂತೆ. ಆಮೇಲೆ ಅವಳೆಂದಳು, "ಬಾಲ್ಕನೀಲಿ ಈಗ ಯಾರೂ ಇಲ್ಲ. ಡಬ್ಬಿ ಮಾತ್ರ ಕಟ್ಟೆ ಮೇಲಿದೆ."

"ಎಲ್ಲಿ ಹೋದಳು?" ಎಂದೆ.

"ಮುಕ್ತಿ ಅಜ್ಜಿ. ಘೋಸ್ಟ್‌ಗೆ ಬೇಕಾಗಿದ್ದು ಆಯ್ತಲ್ಲ."

"ನಾನು ಮುಕ್ತಿ ಕೇಳಿದೆನಾ?"

ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ಒಬ್ಬಳನ್ನು ಕರೆದರೆ ಇನ್ನೊಬ್ಬಳು ಹೋಗುತ್ತಾಳೆಂದು ನನಗೆ ತೋಚಿರಲೇ ಇಲ್ಲ. ಅಷ್ಟರಲ್ಲಿ ಆ ಚೂಪಾದ ಧ್ವನಿ ಮತ್ತೆ ನನ್ನ ಬಾಯಿಂದ ಬಂತು. ಮೆಟ್ಟಿಲು ಹತ್ತಿದ ಏದುಸಿರು ಅದರಲ್ಲಿತ್ತು.

"ಅಮ್ಮ ಎಲ್ಲಿ?"

ನಗು ನಿಂತಿತು. ಮೊಮ್ಮಗಳು ಪರದೆಯ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ಆ ಲೋಕದಲ್ಲಿ ಇದಕ್ಕೆ ಉತ್ತರ ಅವಳೂ ಮಾಡಿಟ್ಟಿರಲಿಲ್ಲ.

"ಒಳಗೆ ಉಂಟು," ಎಂದ ಬೊರಿವಲಿಯವನು. ಆಮೇಲೆ ತಿದ್ದಿಕೊಂಡ. "ಸಾರಿ. ಇದ್ದಾರೆ. ಒಲೆ ಹತ್ರ."

ನಾನು ಎಲ್ಲರ ಮುಖ ನೋಡಿದೆ. ಯಾರೂ ಅಲ್ಲವೆನ್ನಲಿಲ್ಲ. ಮೊಮ್ಮಗಳು ನಿಧಾನವಾಗಿ ತಲೆಯಾಡಿಸಿದಳು. "ಹುಡುಗಿ ಡಬ್ಬಿ ಎತ್ಕೊಂಡು ಒಳಗೆ ಹೋದಳು. ಬಾಗಿಲು ಹಾಕ್ಕೊಂಡಳು."

ಬಜ್ಜಿ ತಣ್ಣಗಾಗಿತ್ತು. ಹಾಗೇ ತಿಂದರು.

ಅವರೆಲ್ಲ ಹೋದ ಮೇಲೆ ದೀಪ ಹಚ್ಚಿ ಬಂದು ಪ್ಲೇಟು ತೊಳೆಯುತ್ತಿದ್ದೆ. ಮೊಮ್ಮಗಳು ಒರೆಸಿಡುತ್ತಿದ್ದಳು.

"ಆ ಮನೇಲಿ ಈಗ ಏನು ಮಾಡ್ತಿರ್ತಾರೆ?" ಎಂದೆ.

"ಊಟ ಮಾಡ್ತಿರಬೇಕು."

"ತಟ್ಟೆ ಎಷ್ಟು ಹಾಕಿದಾರೆ?"

ಅವಳ ಕೈಯ ಬಟ್ಟೆ ನಿಂತಿತು. "ಯಾರೂ ಹೇಳಿಲ್ಲ ಅಲ್ವಾ. ನೀನು ಎಷ್ಟು ಅಂದ್ರೆ ಅಷ್ಟು."

ಈಗ ಆಟ ಉಪ್ಪಿನ ಗದ್ದೆಗಳನ್ನು ದಾಟಿ ಯಾವುದೋ ಯುದ್ಧಕ್ಕೆ ಹೋಗಿದೆ. ಆದರೂ ಭಾನುವಾರ ನಾನು ಅಡುಗೆಮನೆಯಿಂದಲೇ, ಆ ಬೀದಿ ಒಂದು ಸಲ ಹಾದು ಹೋಗ್ರೋ, ಎನ್ನುತ್ತೇನೆ. ಪಾಪ, ಹಾದು ಹೋಗುತ್ತಾರೆ. "ಲೈಟ್ ಇದೆ ಅಜ್ಜಿ, ಬಾಗಿಲು ಹಾಕಿದೆ. ಒಳಗೆ ಇಬ್ಬರು ಮಾತಾಡೋದು ಕೇಳಿಸ್ತಿದೆ," ಎನ್ನುತ್ತಾಳೆ ಮೊಮ್ಮಗಳು. ಏನು ಮಾತೆಂದು ನಾನು ಕೇಳುವುದಿಲ್ಲ. ಆ ಊರಿನ ಟ್ಯಾಂಕಿಯಿಂದ ಹಿಡಿದು ಸಮುದ್ರದ ನೀಲಿಯವರೆಗೆ ಎಲ್ಲವನ್ನೂ ಹೇಳಿದವಳು ನಾನು. ಆ ಊರಿನಲ್ಲಿ ನಾನೆಲ್ಲಿದ್ದೇನೆಂದು ಮಾತ್ರ ಹೇಳಿಲ್ಲ.

ಮೂರು ತಟ್ಟೆ ಎಂದರೆ ಸಾಕು, ನಾನೂ ಆ ಮನೆಯೊಳಗೆ. ಹುಡುಗರು ಅಲ್ಲವೆನ್ನುವವರಲ್ಲ. ಮೇಜಿನ ಹತ್ತಿರ ಹೋಗಿ ನಿಲ್ಲುತ್ತೇನೆ, ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ತುಟಿಗಳ ಮೇಲೆ ಒಂದು ಒದ್ದೆ ಕೈ ಬಂದು ಕೂರುತ್ತದೆ, ಅಕ್ಕಿ ತೊಳೆದ ನೀರಿನ ವಾಸನೆಯ ಕೈ.