ಸೀರೆಯ ಜೊತೆ ಮಗ್ಗ

ಸರ್ ಅವರ ಬಲಗೈ ಹೆಬ್ಬೆರಳ ಉಗುರಿನ ಸುತ್ತ ಕೆಂಪು ಬಣ್ಣ ಯಾವಾಗಲೂ ಅಂಟಿರುತ್ತಿತ್ತು. ಭಾನುವಾರ ಇಳಕಲ್ಲಿನ ಮನೆಯಲ್ಲಿ ಅಣ್ಣನ ಜೊತೆ ನೂಲಿಗೆ ಬಣ್ಣ ಹಾಕಿ, ಸೋಮವಾರ ವಿದ್ಯಾಗಿರಿಯ ನಮ್ಮ ಕಾಲೇಜಿಗೆ ಬಂದು ಜಾವಾ ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು. ಆ ಬೆರಳು ಕಂಪ್ಯೂಟರ್ ಪರದೆಯ ಮೇಲೆ ತಪ್ಪಿನ ಹತ್ತಿರ ಬಂದು ನಿಲ್ಲುತ್ತಿತ್ತು. ಬಾಯಿ ಮಾತ್ರ ಉತ್ತರ ಹೇಳುತ್ತಿರಲಿಲ್ಲ. ನಮಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಕೊನೆಯ ವರ್ಷದ ಪ್ರಾಜೆಕ್ಟನ್ನು ನಾನೂ ಗೆಳತಿಯೂ ಮೇವನ್ ಎಂಬ ಸಾಫ್ಟ್‌ವೇರ್ ಬಳಸಿ ಕಟ್ಟಿದ್ದೆವು. ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳನ್ನು, ಅಂದರೆ ಲೈಬ್ರರಿಗಳನ್ನು, ಅದೇ ತಂದು ಜೋಡಿಸುತ್ತದೆ. ಯಾವುದು ಯಾವ ಹಂತಕ್ಕೆ ಬೇಕೆಂದು ನಾವು ಬರೆಯಬೇಕು. ಅದಕ್ಕೆ ಸ್ಕೋಪ್ ಎನ್ನುತ್ತಾರೆ. ನಾವು ಏನೂ ಬರೆದಿರಲಿಲ್ಲ. ಎಲ್ಲವೂ ಒಂದೇ ಗಂಟಾಗಿ ಸರ್ವರಿಗೆ ಹೋಗಿ, ಪ್ರಾಜೆಕ್ಟಿನ ವೆಬ್‌ಪುಟ ತೆರೆಯುವ ಮೊದಲೇ ನಿಂತುಬಿಟ್ಟಿತು. ಮರುದಿನ ಬೇರೆ ಊರಿನ ಪರೀಕ್ಷಕರು ಬರುವವರಿದ್ದರು. ಪ್ರಾಜೆಕ್ಟ್ ಓಡದಿದ್ದರೆ ವರ್ಷವೇ ಹೋಗುತ್ತಿತ್ತು.

“ಒಂದ ಸಾಲು ಹೇಳಿಬಿಡ್ರಿ ಸರ್.” ಗೆಳತಿ ಅಂಗಲಾಚಿದಳು.

“ಹೇಳಾಂಗಿಲ್ಲ. ಸೀರಿ ಗಿರಾಕಿ ಕಡೆ ಹೊಕ್ಕೈತಿ. ಅದರ ಜೋಡಿ ಮಗ್ಗಾನೂ ಕಟ್ಟಿ ಕಳಸ್ತೀ ಏನವಾ?”

ಪ್ರೋಗ್ರಾಂ ತಪಾಸಣೆಗಷ್ಟೇ ಬೇಕಿದ್ದ, ಸರ್ವರಿಗೆ ಹೋಗಬೇಕಿಲ್ಲದ ಲೈಬ್ರರಿಗೆ ‘ಟೆಸ್ಟ್’ ಎಂದು ಬರೆದೆವು. ಆದರೂ ಓಡಲಿಲ್ಲ.

“ಬೀಗರ ಮನಿಗೆ ಬುತ್ತಿ ಒಯ್ಯೂವಾಗ ಒಲೀನೂ ಹೊತ್ಕೊಂಡು ಹೊಕ್ಕಾರೇನು? ಅವರ ಮನ್ಯಾಗ ಒಲಿ ಇರಾಂಗಿಲ್ಲಾ?”

ಸರ್ವರಿನಲ್ಲಿ ಮೊದಲೇ ಇದ್ದ ಲೈಬ್ರರಿ ನಮ್ಮ ಗಂಟಿನಲ್ಲೂ ಇತ್ತು. ಅದಕ್ಕೆ ‘ಪ್ರೊವೈಡೆಡ್’, ಅಂದರೆ ಅಲ್ಲೇ ಸಿಗುತ್ತದೆ, ಎಂದು ಬರೆದೆವು. ಅವಸರದಲ್ಲಿ ಗೆಳತಿ, ಸಂಗ್ರಹದಿಂದ ಮಾಹಿತಿ ತಂದುಕೊಡುವ ಡೇಟಾಬೇಸ್ ಡ್ರೈವರಿಗೂ ಅದನ್ನೇ ಬರೆದಳು. ಪುಟ ತೆರೆಯಿತು, ಮಾಹಿತಿ ಬರಲಿಲ್ಲ.

“ಒಲಿ ಬಿಡು ಅಂದ್ರ ಬುತ್ತೀನ ಬಿಟ್ಟ ಬಂದೀರಲ್ಲ!”

“ನಿಮಗ ಮೊದಲ ಗೊತ್ತಿತ್ತಲ್ರಿ ಸರ್!” ಎಂದು ರೇಗಿದೆ.

“ಗೊತ್ತಿತ್ತವಾ. ನಾಳಿ ಪರೀಕ್ಷಕರು ಕೇಳಿದ್ರ ನಾ ಬಂದು ಹೇಳ್ಲೇನು?”

ಡ್ರೈವರಿಗೆ ‘ರನ್‌ಟೈಮ್’, ಅಂದರೆ ಓಡುವಾಗ ಜೊತೆಗೇ ಬೇಕು, ಎಂದು ಬರೆದ ಮೇಲೆ ಓಡಿತು. ಅಷ್ಟರಲ್ಲಿ ಸರ್ ಹಿಡಿಯಬೇಕಿದ್ದ ಬಸ್ಸು ಹೋಗಿಬಿಟ್ಟಿತ್ತು. ಮರುದಿನ ಪರೀಕ್ಷಕರು ಸ್ಕೋಪ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅದಕ್ಕೂ ಸಿಟ್ಟು ಬಂತು.

ಕೆಲವು ವರ್ಷಗಳ ನಂತರ ಸರ್ ಎದೆನೋವಿನಿಂದ ತೀರಿಕೊಂಡರು. ಇಳಕಲ್ಲಿಗೆ ಹೋದೆ. ಬಣ್ಣ ಹಾಕಿದ ನೂಲು ಒಣಗಿಸುವ ಅಂಗಳದ ಹಗ್ಗ ಖಾಲಿಯಿತ್ತು. ಅವರ ಅಣ್ಣನ ಉಗುರುಗಳಲ್ಲಿ ಅದೇ ಕೆಂಪು. ನಾನು ಯಾರೆಂದು ಹೇಳಿದಾಗ ಅವರು ಕೇಳಿದರು.

“ಗಿರಾಕಿಗೆ ಮಗ್ಗಾ ಕಳಸಾಕ ಹೊಂಟಾಕಿ ನೀನ ಏನವಾ? ಹೇಳಿ ಹೇಳಿ ಭಾಳ ನಗತಿದ್ದ. ಅದೇನು ವಿಷಯ ಅಂತ ನಮಗೂ ಬಿಡಿಸಿ ಹೇಳ್ಲಿಲ್ಲ ನೋಡು.”

ನಾನು ಹೇಳಿದೆ. ಪ್ರಶ್ನೆ ಹಾಕದೆ, ನೇರವಾಗಿ ಹೇಳಿದೆ. ಅವರಿಗೆ ತಿಳಿಯಲಿಲ್ಲ.

“ಕಾಕಾ, ಬೀಗರ ಮನಿಗೆ ಬುತ್ತಿ ಒಯ್ಯೂವಾಗ…” ಎಂದು ಮತ್ತೆ ಮೊದಲಿನಿಂದ ಶುರು ಮಾಡಿದೆ.