ಬಿಡಿಸಲು ಬಂದವರು

ಯಾರೋ ಒಳಗಿನಿಂದ ಹೆಬ್ಬೆರಳಿಟ್ಟು ಒತ್ತಿದಂತೆ ಅಣ್ಣನ ಎಡಗಣ್ಣು ಹೊರಕ್ಕೆ ಉಬ್ಬಿತ್ತು. ರೆಪ್ಪೆ ಮುಚ್ಚುತ್ತಿರಲಿಲ್ಲ. ಅವರ ಕೊನೆಯ ವರ್ಷದ ಮುಖ ಅದು.

ವಡೋದರಾದಲ್ಲಿ ನಮ್ಮ ಬಾಡಿಗೆ ಮನೆಯ ಕೆಳಗೇ ಅವರ ಉಡುಪಿ ಹೋಟೆಲು. ಧಾರವಾಡದಿಂದ ಮದುವೆಯಾಗಿ ಬಂದ ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಸಿಟ್ಟು ಬಂದರೆ ಅವರಿಗೆ ಬಾಯಿಗಿಂತ ಮೊದಲು ಕೈ ಏಳುತ್ತಿತ್ತು. ಸಾಂಬಾರಿಗೆ ಬೆಲ್ಲ ಸಾಲದೆಂದು ಕೂಗಾಡಿದ ಗಿರಾಕಿಯೊಬ್ಬನ ತಟ್ಟೆಯನ್ನು ಗೋಡೆಗೆ ಎಸೆದದ್ದನ್ನು ನಾನೇ ಕಂಡಿದ್ದೇನೆ.

ಒಂದು ಭಾನುವಾರ ಮಧ್ಯಾಹ್ನ ನನ್ನ ಗಂಡ ನನ್ನ ಕೂದಲು ಹಿಡಿದು ತಲೆಯನ್ನು ಬಾಗಿಲಿಗೆ ಅಪ್ಪಳಿಸುತ್ತಿದ್ದ. ಅಣ್ಣ ಮೇಲೆ ಓಡಿಬಂದರು. ಕೈಯಲ್ಲಿ ದೋಸೆ ಮಗುಚುವ ಸಟ್ಟುಗ, ಇನ್ನೂ ಬಿಸಿ. ಅದರಿಂದಲೇ ಅವನ ಕೆನ್ನೆಗೆ ಬಾರಿಸಿದರು, ಮೆಟ್ಟಿಲಿನಿಂದ ಕೆಳಕ್ಕೆ ಉರುಳಿಸಿದರು, ಬೀದಿಯಲ್ಲೂ ಬಿಡದೆ ತುಳಿದರು.

“ಇನ್ನೊಮ್ಮೆ ಈ ಮೆಟ್ಟಿಲು ಹತ್ತಿದ್ರೆ ಕಾಲು ಮುರೀತೇನೆ.”

ಅವನು ಮತ್ತೆ ಹತ್ತಲಿಲ್ಲ. ಅಣ್ಣ ನನಗೆ ಅಡುಗೆಮನೆಯಲ್ಲಿ ಕೆಲಸ ಕೊಟ್ಟರು.

ಹನ್ನೊಂದು ವರ್ಷದ ಮೇಲೆ ಅಣ್ಣನ ಕಣ್ಣು ಉಬ್ಬಿತು. ಅಹಮದಾಬಾದಿನ ವೈದ್ಯರು ಕಣ್ಣಿನ ಹಿಂದಿನ ಗಡ್ಡೆಯ ಚೂರು ತೆಗೆದು ಪರೀಕ್ಷಿಸಿ, ಇದು ಪ್ರಾಸ್ಟೇಟಿನ ಕ್ಯಾನ್ಸರ್, ಹೀಗೆ ಕಣ್ಣಿಗೆ ಹರಡುವುದು ತೀರಾ ಅಪರೂಪ ಎಂದರು. ಮೂತ್ರ ಕಟ್ಟುತ್ತಿದ್ದುದನ್ನು ಅಣ್ಣ ಎರಡು ವರ್ಷ ಯಾರಿಗೂ ಹೇಳಿರಲಿಲ್ಲ. ಅವರು ವೈದ್ಯರ ಕಾಲರ್ ಹಿಡಿದು, ಭಾಷೆ ಬಾರದ ಆತನ ಮುಖಕ್ಕೆ ಕನ್ನಡದಲ್ಲೇ ಕೂಗಿದರು.

“ಕೆಳಗಿನ ರೋಗ ಕಣ್ಣಿಗೆ ಹತ್ತುವುದುಂಟಾ? ನಾನೆಂತ ಹುಚ್ಚನಾ?”

“ಬಿಡ್ರಿ ಅಣ್ಣಾರ, ಅವ್ರದೇನು ತಪ್ಪೈತಿ,” ಎಂದು ನಾನೇ ಕೈ ಬಿಡಿಸಿದೆ.

ನೋವು ತಲೆಬುರುಡೆಗೂ ಏರಿತು. ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದರು. ತಡೆಯಲು ಹೋದಾಗ ಒಮ್ಮೆ ನನ್ನ ಮಣಿಕಟ್ಟು ತಿರುಚಿಬಿಟ್ಟರು. ನೋವು ಇಳಿದ ಮೇಲೆ ಆ ಊತವನ್ನೇ ನೋಡುತ್ತ ಕೂತರು.

“ನನ್ನ ಹೆಂಡತಿಗೂ ಹೀಗೇ ಮಾಡ್ತಿದ್ದೆ, ತಂಗಿ. ಬಿಡಿಸ್ಲಿಕ್ಕೆ ಯಾರೂ ಬರ್ಲಿಲ್ಲ.”

ಸೂರತ್‌ನಲ್ಲಿ ಮಗಳ ಮನೆಯಲ್ಲಿದ್ದ ಅವರ ಹೆಂಡತಿಗೆ ಫೋನು ಮಾಡಿ, ಒಮ್ಮೆ ಬಂದು ಹೋಗಿ ಎಂದು ಕೇಳಿದೆ.

“ನಿನಗೆ ಒಳ್ಳೇದು ಮಾಡಿದ್ದಾರಲ್ಲ, ನೀನೇ ನೋಡ್ಕೋ.”

ಅಣ್ಣನಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಇದ್ದದ್ದನ್ನೇ ಹೇಳಿದೆ. “ಸರಿಯಾಗೇ ಹೇಳಿದ್ದಾಳೆ,” ಎಂದು ಮಗ್ಗುಲು ತಿರುಗಿದರು. ಮೂರನೆಯ ದಿನ ಹೋದರು.

ಚಿತೆಗೆ ಬೆಂಕಿ ನಾನೇ ಇಟ್ಟೆ. ಸಂಜೆ ಸೂರತ್‌ಗೆ ಸುದ್ದಿ ಮುಟ್ಟಿಸಿದಾಗ ಆಕೆ ಸತ್ತವರ ಬಗ್ಗೆ ಏನೂ ಕೇಳಲಿಲ್ಲ.

“ನಿನ್ನದು ಊಟ ಆಯ್ತಾ?” ಎಂದರು.